ಕೊಡಚಾದ್ರಿಯೂ ಗಿಡ್ಡ ಈ ಚಿಟ್ಟೆಗೆ!

ಮಳೆ ಹೊಳವಾದ ಸೆಪ್ಟೆಂಬರ್ ಸಂಜೆ ಶಂಕರನಾರಾಯಣದ ಗದ್ದೆ ಅಂಚಿನಲ್ಲಿ ನಿಂತು ಕತ್ತೆತ್ತಿ. ಅಗೋ, ಹಳದಿ ಏರೋಪ್ಲೇನ್ ಚಿಟ್ಟೆಗಳ ಹಿಂಡು!

ಎಷ್ಟು ಎತ್ತರ ಹಾರಬಲ್ಲವು ಇವು? ಹೇಳಿ ನೋಡೋಣ. ತೆಂಗಿನಮರದ ಚಂಡೆ? ಊಹೂಂ. ದೇವಸ್ಥಾನದ ಹಿಂದಿನ ಗುಡ್ಡ? ಇನ್ನೂ ಮೇಲೆ. ಕೊಡಚಾದ್ರಿಯ ನೆತ್ತಿ, 1,343 ಮೀಟರ್? ಇನ್ನೂ ಮೇಲೆ ಹೋಗಿ ಮಾರಾಯ್ರೆ!

6,200 ಮೀಟರ್! ಹಿಮಾಲಯದಲ್ಲಿ ಅಷ್ಟು ಎತ್ತರದಲ್ಲಿ ಈ ಜಾತಿ ಕಂಡಿದ್ದು ದಾಖಲಾಗಿದೆ. ನಾಲ್ಕು ಕೊಡಚಾದ್ರಿ ಪೇರಿಸಿದರೂ ಸಾಲದು. ತೂಕವೋ? ಮೂರು ಸೇರಿದರೆ ಒಂದು ಗ್ರಾಂ ಆದೀತು!

ರೆಕ್ಕೆಯೇ ಇಲ್ಲದ ಜೇಡವೂ ಕಡಿಮೆಯೇನಲ್ಲ. ಅಮೆರಿಕದ ಲೂಸಿಯಾನದಲ್ಲಿ ವಿಮಾನಕ್ಕೆ ಬಲೆ ಕಟ್ಟಿ ಹುಳ ಹಿಡಿದರು. ಜೇಡ ಸಿಕ್ಕಿದ್ದೆಲ್ಲಿ ಗೊತ್ತೆ? 15,000 ಅಡಿಯಲ್ಲಿ! ತನ್ನದೇ ನೂಲು ಗಾಳಿಗೆ ಬಿಟ್ಟು ತೇಲಿ ಹೋಗಿತ್ತು.

ಆದರೆ ನನ್ನ ಮನಸ್ಸು ನಮ್ಮ ಹಳದಿ ಚಿಟ್ಟೆಯಲ್ಲೇ. ಪ್ರತಿ ಅಕ್ಟೋಬರ್‌ನಲ್ಲಿ ಇವು ಮಾಲ್ಡೀವ್ಸ್‌ನಲ್ಲಿ ದಂಡುದಂಡಾಗಿ ಇಳಿಯುತ್ತವೆ. ಅಲ್ಲಿ ಕೆರೆ-ಹೊಳೆ ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆಗೆ ಸಿಹಿನೀರೇ ಬೇಕು. ಮತ್ತೆ ಬಂದದ್ದೆಲ್ಲಿಂದ? ಅಲ್ಲೇ ನೆಲೆಸಿದ್ದ ಕಡಲಜೀವಿ ವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಉತ್ತರ ಕೊಟ್ಟರು: ಭಾರತದಿಂದ!

ಹೇಗೆ? ಅದೇ ತಮಾಷೆ! ಆ ತಿಂಗಳು ಅಲ್ಲಿ ಕೆಳಗಿನ ಗಾಳಿ ಎದುರಿಗೆ ಬೀಸುತ್ತದೆ. ಸಾವಿರ ಮೀಟರ್ ಮೇಲಕ್ಕೇರಿದರೆ? ಗಾಳಿ ತಿರುಗಿ ಬೆನ್ನಿಗೆ ಬರುತ್ತದೆ! ಚಿಟ್ಟೆ ಮೇಲೇರಿ, ಅಗಲವಾದ ಹಿಂದಿನ ರೆಕ್ಕೆ ಚಾಚಿ, ತೇಲುತ್ತದೆ. ಹವಾಮಾನ ಇಲಾಖೆಯ ನಕ್ಷೆ ಯಾರು ತೋರಿಸಿದರೋ!

ಮಾಲ್ಡೀವ್ಸ್ ಬರೀ ತಂಗುದಾಣ. ಮುಂದೆ ಸೆಶೆಲ್ಸ್. ಆಮೇಲೆ ಪೂರ್ವ ಆಫ್ರಿಕಾ! ಅಲ್ಲಿನ ಮಳೆನೀರಿನಲ್ಲಿ ಮರಿ. ಮರಿಗಳಿಗೆ ಮರಿ. ಮುಂಗಾರಿನೊಂದಿಗೆ ವಾಪಸು ಇಲ್ಲಿಗೇ. ಹೋಗಿಬರಲು ಒಟ್ಟು ದೂರ, ಆಂಡರ್ಸನ್ ಲೆಕ್ಕದಲ್ಲಿ, 14,000ರಿಂದ 18,000 ಕಿಲೋಮೀಟರ್! ಒಂದೇ ಚಿಟ್ಟೆಯಲ್ಲ, ನಾಲ್ಕು ತಲೆಮಾರು ಸೇರಿ. ದಾರಿ ಕಂಡವರು ಯಾರೂ ಉಳಿದಿರುವುದಿಲ್ಲ, ಆದರೂ ಮರಿಮಕ್ಕಳು ತಪ್ಪದೆ ಬರುತ್ತವೆ.

ಇಷ್ಟು ಜಾಣ ಜೀವಿ ಏಮಾರುವುದೆಲ್ಲಿ ಗೊತ್ತೆ? ತೊಳೆದು ಬಿಸಿಲಿಗೆ ನಿಲ್ಲಿಸಿದ ಕಾರಿನ ಮೇಲೆ! ಬಾನೆಟ್ಟಿನ ಹೊಳಪನ್ನೇ ನೀರೆಂದುಕೊಂಡು, ಬಾಲದ ತುದಿಯಿಂದ ಟಪ್ ಟಪ್ ಎಂದು ತಟ್ಟುತ್ತಾ ಮೊಟ್ಟೆ ಇಡುತ್ತದೆ ನೋಡಿ, ಪಾಪ!