ದಂಡ ಬಿದ್ದ ಮೇಲೋ, ಬೀಳುವ ಮೊದಲೋ?

ಆರ್.ಟಿ. ನಗರದಲ್ಲಿರುವ ನನ್ನ ತಂಗಿಯ ಮನೆಗೆ ಭಾನುವಾರ ಸಂಜೆ ಹೋದರೆ ಟಿ.ವಿ. ಮುಂದೆ ಜಗಳ ನಡೆದೇ ಇರುತ್ತದೆ. ತಂಗಿಗೆ ಇಬ್ಬರು ಗಂಡು ಮಕ್ಕಳು. ಹಿರಿಯವನಿಗೆ 19, ಕಿರಿಯವನಿಗೆ 16. ಇಬ್ಬರಿಗೂ ಫಾರ್ಮುಲಾ ಒನ್ ಕಾರು ರೇಸಿನ ಹುಚ್ಚು. ಕಳೆದ ಬಾರಿ ನಾನು ಹೋದಾಗ ವಾದ ಜೋರಾಗಿತ್ತು. "ಹೋದ ರೇಸ್‌ನಲ್ಲಿ ಇದೇ ತಪ್ಪಿಗೆ ಹತ್ತು ಸೆಕೆಂಡ್ ಪೆನಾಲ್ಟಿ ಕೊಟ್ಟರು, ಇವತ್ತು ಐದೇ ಸೆಕೆಂಡ್! ಇದು ಯಾವ ನ್ಯಾಯ?" ಎಂದು ಒಬ್ಬ. "ಮೂಲೆಯಲ್ಲಿ ಅವನಿಗೆ ಜಾಗ ಬಿಡಬೇಕಿತ್ತು, ನಿಯಮ ಓದಿಲ್ವಾ?" ಎಂದು ಇನ್ನೊಬ್ಬ. ಚಹಾ ಆರಿಹೋಗುತ್ತಿತ್ತು. ನನಗೆ ನಗು ಬಂತು. ಮದ್ರಸದ ದಿನಗಳಲ್ಲಿ ಒಂದೇ ಒಂದು ಮಸ್‌ಅಲಾ ಹಿಡಿದುಕೊಂಡು ನಾವು ಗೆಳತಿಯರು ರಾತ್ರಿ ಬಹಳ ಹೊತ್ತಿನ ತನಕ ವಾದಿಸುತ್ತಿದ್ದದ್ದು ನೆನಪಾಯಿತು. ಹುಡುಗರಿಗೆ ನಿಯಮ ಬೇಡ ಎಂದು ದೂರುವವರು ಒಮ್ಮೆ ಇಂಥ ವಾದವನ್ನು ಕುಳಿತು ಕೇಳಬೇಕು. ನಿಯಮದ ಕೊನೆಯ ಸಾಲಿನವರೆಗೆ ಅವರಿಗೆ ಬಾಯಿಪಾಠ.

ಸಹೋದರಿಯರೇ, ಇಂತಹ ರೇಸು ನಮಗೇಕೆ, ಅಡುಗೆ ಮನೆಗೂ ಅದಕ್ಕೂ ಏನು ಸಂಬಂಧ ಎಂದು ಪುಟ ತಿರುಗಿಸಬೇಡಿ. ಅಂದು ಆ ಹುಡುಗರಿಂದ ನಾನು ಕಲಿತ ಒಂದು ಮಾತು ನಮ್ಮ ನಿಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಕಿರಿಯವನು ಹೇಳಿದ ಕತೆ ಇದು. 2021ರ ಜುಲೈ 18ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ರೇಸ್ ಇತ್ತು. ಮೊದಲ ಸುತ್ತಿನಲ್ಲೇ ಲೂಯಿಸ್ ಹ್ಯಾಮಿಲ್ಟನ್ ಅವರ ಕಾರಿನ ಚಕ್ರ ಮ್ಯಾಕ್ಸ್ ವರ್ಸ್ಟಪ್ಪನ್ ಅವರ ಕಾರಿನ ಚಕ್ರಕ್ಕೆ ತಾಗಿತು. ವರ್ಸ್ಟಪ್ಪನ್ ಕಾರು ಹೋಗಿ ತಡೆಗೋಡೆಗೆ ಬಡಿಯಿತು. ಅವರನ್ನು ತಪಾಸಣೆಗಾಗಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಹ್ಯಾಮಿಲ್ಟನ್‌ಗೆ ಸಿಕ್ಕಿದ್ದು ಹತ್ತು ಸೆಕೆಂಡಿನ ದಂಡ ಮಾತ್ರ. ಆ ದಂಡ ತೀರಿಸಿಯೂ ಅವರು ರೇಸ್ ಗೆದ್ದರು! ಅಭಿಮಾನಿಗಳು ಇಂದಿಗೂ ಇದರ ಬಗ್ಗೆ ಕಿತ್ತಾಡುತ್ತಾರಂತೆ. ಎದುರಾಳಿ ಆಸ್ಪತ್ರೆ ಸೇರಿದ ಮೇಲೂ ಇಷ್ಟು ಸಣ್ಣ ದಂಡವೇ ಎಂದು ಒಂದು ಕಡೆಯವರು ಕೇಳುತ್ತಾರೆ.

ನಾನೂ ಅದನ್ನೇ ಕೇಳಿದೆ. ಅದಕ್ಕೆ ಅವನು, "ಇಲ್ಲ ಖಾಲಾ, ಸ್ಟೀವರ್ಡ್‌ಗಳು ನೋಡುವುದು ತಪ್ಪನ್ನು. ತಪ್ಪಿನಿಂದ ಏನಾಯಿತು ಎನ್ನುವುದನ್ನು ಅಲ್ಲ. ಯಾರಿಗೂ ಏನೂ ಆಗದಿದ್ದರೂ ತಪ್ಪು ತಪ್ಪೇ. ಕಾರು ಚೂರುಚೂರಾದರೂ ತಪ್ಪು ಅಷ್ಟೇ ದೊಡ್ಡದು" ಎಂದ. ಸ್ಟೀವರ್ಡ್‌ಗಳೆಂದರೆ ರೇಸಿನ ತೀರ್ಪುಗಾರರು. ಹುಡುಗರ ಪ್ರಕಾರ ಅವರೂ ಒಮ್ಮೊಮ್ಮೆ ಎಡವುತ್ತಾರೆ, ಆದರೆ ಅಳತೆಗೋಲು ಮಾತ್ರ ಅದೇ.

ನಾನು ತಂಗಿಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಬಟ್ಟಲುಗಳನ್ನು ಎತ್ತಿಕೊಂಡಳು. ಕಾರಣ ನನಗೆ ಗೊತ್ತಿತ್ತು.

ಹಿಂದಿನ ಷಬೇ ಬರಾತ್‌ನ ರಾತ್ರಿ ಹಿರಿಯವನು ಮಸೀದಿಗೆಂದು ಹೋದವನು ಮನೆಗೆ ಬಂದಾಗ ಮೂರು ಗಂಟೆ. ಗೆಳೆಯನ ಬೈಕಿನ ಹಿಂದೆ ಕುಳಿತು ಹೆಬ್ಬಾಳದ ಕಡೆ ಹೋಗಿದ್ದನಂತೆ. ಮುಂದಿನ ಚಕ್ರ ಎತ್ತಿ ಓಡಿಸುವ ವ್ಹೀಲಿ ಕೂಡ ಆಗಿತ್ತಂತೆ. ಅವನು ನೆಟ್ಟಗೆ ಮನೆಗೆ ಬಂದ ಎಂದು ತಂಗಿ ಅಲ್‌ಹಮ್ದುಲಿಲ್ಲಾಹ್ ಎಂದಳು, ಬಿಸಿ ಹಾಲು ಕೊಟ್ಟಳು, ಅವರ ಅಬ್ಬಾಗೆ ತಿಳಿಯದಂತೆ ಮುಚ್ಚಿಟ್ಟಳು. ಎರಡು ತಿಂಗಳ ಬಳಿಕ ಅದೇ ಹುಡುಗ ಮನೆ ಹತ್ತಿರದ ತಿರುವಿನಲ್ಲಿ ಮಣ್ಣಿಗೆ ಜಾರಿ ಬಿದ್ದು ಮೊಣಕೈ ತರಚಿಕೊಂಡು ಬಂದ. ಅಂದು ಮನೆಯಲ್ಲಿ ರಂಪವೋ ರಂಪ. ಬೈಗುಳ, ಅಳು, ಕೀಲಿ ಕಸಿದುಕೊಂಡದ್ದು. ಅಂದು ಅವನ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ಆ ರಾತ್ರಿ.

ನಿಮ್ಮ ಮನೆಯಲ್ಲಿ ಬೇರೆ ರೀತಿ ಇದೆಯೇ? ಪ್ರಾಮಾಣಿಕವಾಗಿ ಹೇಳಿ. ಬಿದ್ದರೆ ದಂಡ, ಬೀಳದಿದ್ದರೆ ಹಾಲು.

ಷಬೇ ಬರಾತ್‌ನ ವಿಷಯ ಎತ್ತಿದ್ದಕ್ಕೆ ಕೆಲವರಿಗೆ ಬೇಸರವಾಗಬಹುದು. ಆದರೆ ನಾವೇ ಹೇಳಿಕೊಳ್ಳದಿದ್ದರೆ ಬೇರೆಯವರು ಹೇಳುತ್ತಾರೆ, ಅದೂ ಬೇರೆ ದನಿಯಲ್ಲಿ. ದುಆಕ್ಕೆ, ನಮಾಝಿಗೆ, ಅಗಲಿದವರ ಖಬರ್ ಬಳಿ ನಿಲ್ಲುವುದಕ್ಕೆ ಇರುವ ರಾತ್ರಿಯಂದು ಬೆಂಗಳೂರಿನ ಪೊಲೀಸರು ಮೇಲ್ಸೇತುವೆಗಳಿಗೆ ಬ್ಯಾರಿಕೇಡ್ ಹಾಕುವ ಪರಿಸ್ಥಿತಿ ಬಂದಿದೆ. ಇದು ನಾಚಿಕೆಯ ಸಂಗತಿ. ಹಾಗೆಂದು ಈ ಚಟ ನಮ್ಮ ಹುಡುಗರದ್ದು ಮಾತ್ರ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಭಾನುವಾರ ಬೆಳಗಿನ ಜಾವ ಯಲಹಂಕದ ರಸ್ತೆ ಬದಿ ನಿಂತು ನೋಡಿ. ನಂದಿ ಬೆಟ್ಟದ ಕಡೆ ಕಿವಿ ಕಿವುಡಾಗುವಂತೆ ಹಾರುವ ಲಕ್ಷಾಂತರ ರೂಪಾಯಿಯ ಬೈಕುಗಳು ಎಲ್ಲ ಜಾತಿಯ, ಎಲ್ಲ ಧರ್ಮದ ಮನೆಗಳವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆ ಅಗಲವಾಯಿತು, ನೇರವಾಯಿತು, ಮೇಲೇರಿತು. ಹುಡುಗರ ಕಣ್ಣಿಗೆ ಅದು ರೇಸಿನ ಟ್ರ್ಯಾಕಿನಂತೆ ಕಾಣುತ್ತದೆ. ಆದರೆ ಟ್ರ್ಯಾಕಿನಲ್ಲಿ ಎದುರಿನಿಂದ ಹಾಲಿನ ವ್ಯಾನು ಬರುವುದಿಲ್ಲ. ಅಲ್ಲಿ ಅಂಚಿನಲ್ಲಿ ಟೈರು, ಜಲ್ಲಿಕಲ್ಲಿನ ಹಾಸು, ಅಂಬುಲೆನ್ಸು, ವೈದ್ಯರು ಇರುತ್ತಾರೆ. ಹೆಲ್ಮೆಟ್ಟನ್ನೂ ಪರಿಶೀಲಿಸಿದ ಮೇಲೆಯೇ ಒಳಗೆ ಬಿಡುತ್ತಾರೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಿ, ಏಕೆಂದರೆ ಇದು ನೇರವಾಗಿ ನಿಮಗೇ ತಟ್ಟುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಯಿತು. ರಸ್ತೆಯಲ್ಲಿ ರೇಸ್ ನಡೆಸಿದರೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಜೈಲು ಒಂದು ವರ್ಷದವರೆಗೆ, ದಂಡ 10,000ದವರೆಗೆ. ಇದಕ್ಕಿಂತ ಗಂಭೀರವಾದದ್ದು ಮುಂದಿದೆ. 18 ತುಂಬದ ಹುಡುಗ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ಅಪರಾಧಿ ಎಂದು ಪರಿಗಣಿಸಲಾಗುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಸ್ಕೂಟರ್ ಯಾರ ಹೆಸರಿನಲ್ಲಿದೆ? ಎಷ್ಟೋ ಕಡೆ ಅಮ್ಮಿಯ ಹೆಸರಿನಲ್ಲಿ. "ಬೀದಿ ಕೊನೆಯ ಅಂಗಡಿಗೆ ತಾನೇ, ಹೋಗಿ ಕೊತ್ತಂಬರಿ ಸೊಪ್ಪು ತಾ" ಎಂದು 16ರ ಹುಡುಗನ ಕೈಗೆ ಕೀಲಿ ಕೊಡುವವಳೂ ಅವಳೇ. ನನ್ನ ತಂಗಿಯೂ ಹಾಗೇ ಕೊಡುತ್ತಿದ್ದಳು. ಇದನ್ನು ಓದಿ ಹೇಳಿದಾಗ ಅವಳ ಮುಖ ಬಿಳಿಚಿಕೊಂಡಿತು.

ಇನ್ನು ಹುಡುಗರ ಕನಸಿನ ಮಾತು. "ನಮ್ಮ ಬೆಂಗಳೂರಿನವನು ಯಾವಾಗ ಫಾರ್ಮುಲಾ ಒನ್‌ಗೆ ಹೋಗುತ್ತಾನೆ?" ಎನ್ನುವುದು ಅವರ ಎರಡನೇ ದೊಡ್ಡ ವಾದ. ಅಲ್ಲಿ ರೇಸ್ ಓಡಿದ ಭಾರತೀಯರು ಇಬ್ಬರೇ. 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂಧೋಕ್. ಇಬ್ಬರೂ ತಮಿಳುನಾಡಿನವರು. ಈಗ ಕಣ್ಣೆಲ್ಲ ಬೆಂಗಳೂರಿನ ಕುಶ್ ಮೈನಿ ಅವರ ಮೇಲೆ. ಅವರು ಅದರ ಕೆಳಗಿನ ಮೆಟ್ಟಿಲಾದ ಫಾರ್ಮುಲಾ ಟೂನಲ್ಲಿ 2025ರ ಮೇ ತಿಂಗಳಲ್ಲಿ ಮೊನಾಕೊದ ಸ್ಪ್ರಿಂಟ್ ರೇಸ್ ಗೆದ್ದರು. ಆದರೆ ನನ್ನ ಗಮನ ಸೆಳೆದದ್ದು ಅವರ 2024ನೇ ವರ್ಷ. ಋತುವಿನ ಮೊದಲ ರೇಸಿಗೆ ಬಹರೈನ್‌ನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಮೊದಲ ಸ್ಥಾನ ಪಡೆದಿದ್ದರು. ಕಾರು ತಾಂತ್ರಿಕ ನಿಯಮಕ್ಕೆ ಹೊಂದುತ್ತಿಲ್ಲವೆಂದು ಅದನ್ನು ಕಿತ್ತುಕೊಂಡರು. ಕೆಲವು ತಿಂಗಳ ನಂತರ ಹಂಗೆರಿಯಲ್ಲಿ ಅವರ ಮುಂದೆ ಗುರಿ ಮುಟ್ಟಿದವನ ಕಾರು ಪರೀಕ್ಷೆಯಲ್ಲಿ ಸೋತಿತು, ಗೆಲುವು ಕುಶ್ ಪಾಲಿಗೆ ಬಂತು. ಅದೇ ವರ್ಷ ಅವರ ತಂಡದ ಜೊತೆಗಾರ ಬ್ರೆಜಿಲ್‌ನ ಬೋರ್ಟೊಲೆಟೊ ಚಾಂಪಿಯನ್ ಆಗಿ 2025ರಲ್ಲಿ ಫಾರ್ಮುಲಾ ಒನ್ ಸೇರಿದರು. ದಾರಿ ಎಷ್ಟು ಇಕ್ಕಟ್ಟು ಎಂದು ಇದರಿಂದ ತಿಳಿಯುತ್ತದೆ. ಮೇಲಿನ ಮೆಟ್ಟಿಲಿಗೆ ಲೈಸೆನ್ಸ್ ಬೇಕಾದರೆ ಮೂರು ಋತುಗಳಲ್ಲಿ 40 ಅಂಕ ಗಳಿಸಬೇಕು. ಜೊತೆಗೆ ಹಣದ ಬಲವೂ ಬೇಕು. ಮೈನಿ ಅವರದು ಉದ್ಯಮಿಗಳ ಕುಟುಂಬ, ದೇಶದ ಮೊದಲ ವಿದ್ಯುತ್ ಕಾರುಗಳಲ್ಲೊಂದಾದ ರೇವಾ ಹುಟ್ಟಿದ್ದೇ ಆ ಮನೆತನದಿಂದ. ನಮ್ಮಂಥವರ ಮನೆಯ ಹುಡುಗ ಟಿ.ವಿ. ನೋಡಿ ಕನಸು ಕಾಣುವಾಗ ಇದನ್ನು ಮುಚ್ಚಿಡಬಾರದು.

ಹೆಣ್ಣುಮಕ್ಕಳ ಮಾತೂ ಬರಲಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್‌ನಲ್ಲಿ ಬೈಕಿನಿಂದ ಬಿದ್ದು ಹೊಟ್ಟೆಯೊಳಗೆ ತೀವ್ರ ಪೆಟ್ಟು ತಿಂದವರು. ಮರುವರ್ಷ ಬಾಜಾ ರ್‍ಯಾಲಿಯ ಮಹಿಳಾ ವಿಶ್ವಕಪ್ ಗೆದ್ದರು.

ಈಗ ಹೇಳಲು ಕಷ್ಟವಾಗುವ ಮಾತು. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಬೈಕ್ ರೇಸ್ ನಡೆಯುತ್ತಿತ್ತು. ಬೆಂಗಳೂರಿನ ಬಾಲಕ ಶ್ರೇಯಸ್ ಹರೀಶ್‌ಗೆ ಆಗಷ್ಟೇ 13 ತುಂಬಿತ್ತು. ಆ ಬೆಳಿಗ್ಗೆ ಅರ್ಹತಾ ಸುತ್ತಿನಲ್ಲಿ ಅವನೇ ಮೊದಲಿಗ. ರೇಸ್ ಶುರುವಾಗಿ ಮೊದಲ ತಿರುವು ದಾಟುವಾಗ ಬಿದ್ದ. ತಲೆಗೆ ಪೆಟ್ಟಾಯಿತು, ಮಗು ಉಳಿಯಲಿಲ್ಲ. ಸಂಘಟಕರು ಉಳಿದ ರೇಸುಗಳನ್ನು ರದ್ದು ಮಾಡಿದರು. ಇದು ರಸ್ತೆಯ ಪುಂಡಾಟ ಅಲ್ಲ, ಸಹೋದರಿಯರೇ. ಎಲ್ಲ ರಕ್ಷಣೆಯೂ ಇದ್ದ ಟ್ರ್ಯಾಕು, ತರಬೇತಿ ಪಡೆದ ಪ್ರತಿಭಾವಂತ ಮಗು. ಅಂದು ನನ್ನ ತಂಗಿಯ ಮನೆಯಲ್ಲೂ ಟಿ.ವಿ. ಮುಂದೆ ಯಾರೂ ವಾದಿಸಲಿಲ್ಲ.

ಹಾಗಾದರೆ ವಯಸ್ಸು ಎಷ್ಟಿರಬೇಕು? 2021ರ ಒಂದೇ ವರ್ಷದಲ್ಲಿ ಯುರೋಪಿನ ಬೈಕ್ ರೇಸುಗಳಲ್ಲಿ 19, 14 ಮತ್ತು 15 ವಯಸ್ಸಿನ ಮೂವರು ಸತ್ತಾಗ ಅಂತಾರಾಷ್ಟ್ರೀಯ ಒಕ್ಕೂಟ ವಿಶ್ವ ಚಾಂಪಿಯನ್‌ಷಿಪ್ ರೇಸುಗಳಿಗೆ ಕನಿಷ್ಠ ವಯಸ್ಸನ್ನು 2023ರಿಂದ 18ಕ್ಕೆ ಏರಿಸಿತು. ಕಿರಿಯರ ಪಂದ್ಯಗಳ ವಯಸ್ಸನ್ನೂ ಏರಿಸಿತು. ಫಾರ್ಮುಲಾ ಒನ್‌ನಲ್ಲೂ ವರ್ಸ್ಟಪ್ಪನ್ 17ಕ್ಕೇ ಬಂದ ಮೇಲೆ 18ರ ಮಿತಿ ಹಾಕಿದರು. ಚಿಕ್ಕಂದಿನಲ್ಲೇ ಕಲಿಯದಿದ್ದರೆ ಹಿಂದೆ ಬೀಳುತ್ತಾರೆ ಎಂದು ತರಬೇತುದಾರರು ಹೇಳುತ್ತಾರೆ. ಅದೂ ಸುಳ್ಳಲ್ಲ. ಆದರೆ ನನ್ನ ಮನಸ್ಸು ಮಾತ್ರ ಬೈಕಿನ ವಿಷಯದಲ್ಲಿ 13 ಬೇಡವೇ ಬೇಡ ಎನ್ನುತ್ತದೆ. ನಾಲ್ಕು ಚಕ್ರದ ಸಣ್ಣ ಕಾರ್ಟ್ ಬೇರೆ ಮಾತು. ಹೆಣ್ಣೂರು-ಬಾಗಲೂರು ರಸ್ತೆಯಲ್ಲಿ ಮೆಕೊ ಕಾರ್ಟೋಪಿಯಾ ಎಂಬ ಟ್ರ್ಯಾಕ್ ಇದೆ, ರಾಷ್ಟ್ರೀಯ ಕಾರ್ಟಿಂಗ್ ಪಂದ್ಯಗಳೂ ಅಲ್ಲಿ ನಡೆದಿವೆ. ಮೆಕೊದ ಅಕ್ಬರ್ ಇಬ್ರಾಹಿಂ ಹಿಂದೆ ತಾವೇ ರೇಸ್ ಓಡಿಸಿದ ಚೆನ್ನೈನವರು, ದೇಶದ ಮೋಟಾರ್ ಕ್ರೀಡಾ ಒಕ್ಕೂಟದ ಅಧ್ಯಕ್ಷರೂ ಆದವರು. ವರ್ಷಕ್ಕೊಂದೆರಡು ಸಲ ಅಬ್ಬಾ ಜೊತೆ ಹೋಗಿ ಬರಲಿ. ವೇಗದ ಆಸೆ ಬೇಲಿಯ ಒಳಗೆ ತೀರಲಿ.

ಆ ಭಾನುವಾರ ರೇಸ್ ಮುಗಿದ ಮೇಲೆ ನಾನು ಹುಡುಗರ ಕೈಗೆ ಕಾಗದ ಕೊಟ್ಟೆ. "ನೀವೇ ಸ್ಟೀವರ್ಡ್‌ಗಳು. ಈ ಮನೆಯ ಗಾಡಿಗೆ ನಿಯಮ ಬರೆಯಿರಿ, ದಂಡವನ್ನೂ ಬರೆಯಿರಿ" ಎಂದೆ. ಒಂದು ಗಂಟೆ ಕುಳಿತರು. ಹೆಲ್ಮೆಟ್ ಇಲ್ಲದಿದ್ದರೆ ಎರಡು ವಾರ ಕೀಲಿ ಇಲ್ಲ. ಪಟ್ಟಿ ಬಿಗಿಯದಿದ್ದರೆ ಒಂದು ವಾರ. ಓಡಿಸುತ್ತಾ ಮೊಬೈಲ್ ಹಿಡಿದರೆ ಎರಡು ವಾರ. ವ್ಹೀಲಿ ಮಾಡುವವನ ಹಿಂದೆ ಕುಳಿತರೂ ಮೂರು ತಿಂಗಳು. ಒಂದೇ ವರ್ಷದಲ್ಲಿ ಮೂರು ದಂಡವಾದರೆ ಇಡೀ ವರ್ಷ ಬಸ್ಸು. ಈ ಕೊನೆಯದಕ್ಕೆ ಫಾರ್ಮುಲಾ ಒನ್ನೇ ಮಾದರಿಯಂತೆ. ಅಲ್ಲಿ 12 ತಿಂಗಳಲ್ಲಿ 12 ದಂಡದ ಅಂಕಗಳಾದರೆ ಒಂದು ರೇಸ್ ನಿಷೇಧ, 2024ರಲ್ಲಿ ಕೆವಿನ್ ಮ್ಯಾಗ್ನುಸನ್ ಹಾಗೆಯೇ ಹೊರಗೆ ಕುಳಿತರಂತೆ. 18 ತುಂಬುವವರೆಗೆ ಸ್ಕೂಟರ್ ಮುಟ್ಟುವಂತಿಲ್ಲ ಎಂಬ ಸಾಲನ್ನು ಹಿರಿಯವನು ಬಹಳ ಸಂತೋಷದಿಂದ ಸೇರಿಸಿದ. ಕಿರಿಯವನು ಮುಖ ಊದಿಸಿಕೊಂಡ. ಕೊತ್ತಂಬರಿ ಸೊಪ್ಪು ತರಲು ಈಗ ಅವನು ನಡೆದೇ ಹೋಗುತ್ತಾನೆ. ಕಾಗದಕ್ಕೆ ಅವರ ಅಬ್ಬಾ ಸಹಿ ಹಾಕಿದರು, ಅದು ಫ್ರಿಜ್‌ನ ಬಾಗಿಲಿಗೆ ಅಂಟಿತು.

ಮೂರನೇ ವಾರ ಹಿರಿಯವನೇ ಸಿಕ್ಕಿಬಿದ್ದ. ಇಷಾ ನಮಾಝಿಗೆ ಹೋಗುವಾಗ ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಲಿಲ್ಲ. ಮಸೀದಿ ಇರುವುದು ಪಕ್ಕದ ಬೀದಿಯಲ್ಲಿ. "ಏನೂ ಆಗಲಿಲ್ಲವಲ್ಲ ಅಮ್ಮಿ!" ಎಂದ. ತಂಗಿ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕಿರಿಯವನ ದನಿ ಬಂತು: "ಸಿಲ್ವರ್‌ಸ್ಟೋನ್ ಮರೆತೆಯಾ ಭಾಯಿ?"

ಆ ವಾರ ಅವನು ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಕಾಲೇಜಿಗೆ ಹೋದ.