ಶಾಸನೋಲ್ಲೇಖದ ಕ್ರಮ: ಹುಣಸೂರು ಪರಿಸರದ ಶಾಸನಸಂಪುಟಗಳನ್ನು ಅನುಲಕ್ಷಿಸಿ

ಸಂಶೋಧನ ಲೇಖನವೊಂದರ ಅಡಿಟಿಪ್ಪಣಿಯಲ್ಲಿ ‘ಕೊಪ್ಪದ ಶಾಸನ’ ಎಂದಷ್ಟೇ ಇದ್ದರೆ ಓದುಗನು ಯಾವ ಊರನ್ನು ನೆನೆಯಬೇಕು? ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವುದಕ್ಕೆ ಮೊದಲು, ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ ಸಿಗುತ್ತದೆ. ಮದ್ದೂರು ತಾಲ್ಲೂಕಿನಲ್ಲಿ ಇನ್ನೊಂದು ಕೊಪ್ಪವಿದೆ. ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಕೊಪ್ಪವೆಂಬ ತಾಲ್ಲೂಕೇ ಇದೆ. ಕೊಪ್ಪ, ಕೊಪ್ಪಲು ಎಂಬವು ಚಿಕ್ಕ ವಸತಿಯನ್ನು ಸೂಚಿಸುವ ಪದಗಳಾದ್ದರಿಂದ ಇಂತಹ ಊರುಹೆಸರುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಸಹಜ. ಆದರೆ ಊರಿನ ಹೆಸರಿನಿಂದ ಹುಟ್ಟುವ ಗೊಂದಲವನ್ನು ತಾಲ್ಲೂಕಿನ ಹೆಸರು ಸೇರಿಸಿ ಸುಲಭವಾಗಿ ನಿವಾರಿಸಬಹುದು. ಊರು, ತಾಲ್ಲೂಕು, ಸಂಪುಟ, ಸಂಖ್ಯೆ ಎಲ್ಲವನ್ನೂ ಕೊಟ್ಟ ಮೇಲೂ ಉಳಿದುಬಿಡುವ ಗೊಂದಲವೊಂದಿದೆ. ಅದರ ಸ್ವರೂಪವನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಶಾಸನಗಳ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉಲ್ಲೇಖಕ್ರಮದ ಬಗೆಗೆ ತಾಂತ್ರಿಕ ಕ್ಷೇತ್ರದವರು ನಮಗಿಂತ ಕಟ್ಟುನಿಟ್ಟಾಗಿದ್ದಾರೆ. ಎಂಜಿನಿಯರಿಂಗ್ ನಿಯತಕಾಲಿಕೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪದ್ಧತಿಯಂತೆ, ಲೇಖನದಲ್ಲಿ ಮೊದಲು ಪ್ರಸ್ತಾಪವಾಗುವ ಆಕರಕ್ಕೆ ಚೌಕ ಆವರಣದಲ್ಲಿ 1 ಎಂದೂ ಮುಂದಿನದಕ್ಕೆ 2 ಎಂದೂ ಸಂಖ್ಯೆ ಬೀಳುತ್ತದೆ. ಕೊನೆಯ ಪಟ್ಟಿಯೂ ಅದೇ ಕ್ರಮದಲ್ಲಿರುತ್ತದೆ. ಈ ಸಂಖ್ಯೆ ಆ ಒಂದು ಲೇಖನಕ್ಕೆ ಮಾತ್ರ ಸೇರಿದ್ದು. ಅದರ ಆಚೆಗೆ ಅದಕ್ಕೆ ಬೆಲೆಯಿಲ್ಲ. ಶಾಸನದ ಸಂಖ್ಯೆ ಹಾಗಲ್ಲ. ಅದನ್ನು ಸಂಪುಟದ ಸಂಪಾದಕರು ಕೊಟ್ಟಿರುತ್ತಾರೆ, ಅದು ಲೇಖನದಿಂದ ಲೇಖನಕ್ಕೆ ದಾಟಿಹೋಗುತ್ತದೆ, ಕ್ರಮೇಣ ಆ ಕಲ್ಲಿನ ಹೆಸರೇ ಆಗಿಬಿಡುತ್ತದೆ. ಸಂಖ್ಯೆ ಕಲ್ಲಿಗೆ ಸೇರಿದ್ದಲ್ಲ, ಸಂಪುಟದ ಒಂದು ಆವೃತ್ತಿಗೆ ಸೇರಿದ್ದು ಎಂಬುದನ್ನು ನಾವು ಮರೆಯುವುದು ಇಲ್ಲಿಯೇ.

ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟವನ್ನು 1898ರಲ್ಲಿ ಪ್ರಕಟಿಸಿದರು. ಅದು ಮೈಸೂರು ಜಿಲ್ಲೆಯ ಎರಡನೆಯ ಭಾಗ. ಇಂದಿನ ನಾಲ್ಕು ತಾಲ್ಲೂಕುಗಳ ಪ್ರದೇಶದಲ್ಲಿ ಆಗ ದೊರೆತಿದ್ದ ಶಾಸನಗಳು ಆ ಒಂದೇ ಸಂಪುಟದಲ್ಲಿವೆ. ಆದರೆ ಶೀರ್ಷಿಕೆಗಳು ಇಂದಿನವಲ್ಲ. ಕೃಷ್ಣರಾಜನಗರವೆಂಬ ಹೆಸರು ಆಗ ಇರಲಿಲ್ಲ, ತಾಲ್ಲೂಕು ಯಡತೊರೆ. ಪಿರಿಯಾಪಟ್ಟಣ ಸ್ವತಂತ್ರ ತಾಲ್ಲೂಕಾಗಿರದೆ ಹುಣಸೂರಿಗೆ ಸೇರಿದ ಉಪತಾಲ್ಲೂಕಾಗಿತ್ತು. ಆದ್ದರಿಂದ ಅಲ್ಲಿಯ ಕಲ್ಲುಗಳನ್ನು ಹುಣಸೂರಿನ ಕೆಳಗೇ ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಈ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ತಾಲ್ಲೂಕುಗಳನ್ನು ಹೊಸದಾಗಿ ಹಂಚಲಾಯಿತು. ಹೆಗ್ಗಡದೇವನಕೋಟೆ ಮೂರನೆಯ ಸಂಪುಟಕ್ಕೆ (1974) ಹೋಯಿತು. ಹುಣಸೂರು ಮತ್ತು ಪಿರಿಯಾಪಟ್ಟಣ ಬೇರೆ ಬೇರೆ ಶೀರ್ಷಿಕೆಗಳಾಗಿ ನಾಲ್ಕನೆಯ ಸಂಪುಟದಲ್ಲಿ (1975) ಬಂದವು. ಕೃಷ್ಣರಾಜನಗರ ಐದನೆಯದರಲ್ಲಿ (1976) ಸೇರಿತು. ನಡುವಿನ ದಶಕಗಳಲ್ಲಿ ಬೆಳಕಿಗೆ ಬಂದ ಶಾಸನಗಳೂ ಸೇರಿದ್ದರಿಂದ ಸಂಖ್ಯೆಗಳೆಲ್ಲ ಬದಲಾದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ‘ಎ.ಕ. 4, ಯಡತೊರೆ’ ಎಂಬ ಉಲ್ಲೇಖವನ್ನು ಹಿಡಿದು ಪರಿಷ್ಕೃತ ನಾಲ್ಕನೆಯ ಸಂಪುಟವನ್ನು ತೆರೆದವನಿಗೆ ಅಲ್ಲಿ ಯಡತೊರೆಯೇ ಕಾಣುವುದಿಲ್ಲ. ‘ಎ.ಕ. 4, ಹೆಗ್ಗಡದೇವನಕೋಟೆ’ ಎಂದು ಹೋದವನಿಗೂ ಇದೇ ಅನುಭವ. ಏನೋ ತಪ್ಪಿದೆಯೆಂದು ತಿಳಿದು ಅವನು ಹಿಂದಿನ ಆವೃತ್ತಿಯನ್ನು ಹುಡುಕುತ್ತಾನೆ. ಈ ದೋಷ ತಾನಾಗಿಯೇ ಹೊರಬೀಳುವಂಥದು. ಹುಣಸೂರಿನ ಸಂದರ್ಭ ಬೇರೆ. ಹಳೆಯದರಲ್ಲಿಯೂ ಹೊಸದರಲ್ಲಿಯೂ ಸಂಪುಟ ನಾಲ್ಕೇ, ತಾಲ್ಲೂಕಿನ ಹೆಸರೂ ಒಂದೇ. ಆವೃತ್ತಿಯನ್ನು ಹೇಳದೆ ‘ಎ.ಕ. 4, ಹುಣಸೂರು’ ಎಂದು ಬರೆದು ಒಂದು ಸಂಖ್ಯೆಯನ್ನು ಕೊಟ್ಟರೆ ಎರಡು ಸಂಪುಟಗಳಲ್ಲಿಯೂ ಆ ಸಂಖ್ಯೆಯ ಶಾಸನವೊಂದು ಸಿಕ್ಕಬಹುದು. ಅದು ಬೇರೆ ಊರಿನದು, ಬೇರೆ ಶತಮಾನದ್ದು ಆಗಿರಬಹುದು. ಹಳೆಯ ಆವೃತ್ತಿಯಲ್ಲಾದರೆ ಪಿರಿಯಾಪಟ್ಟಣ ಸೀಮೆಯದೂ ಆಗಿರಬಹುದು. ತಪ್ಪು ತಪ್ಪೆಂದು ತೋರುವುದೇ ಇಲ್ಲ.

ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ನಾನೂ ಈ ಬಲೆಗೆ ಬಿದ್ದವನೇ. ಹಿಂದಿನ ಪುಸ್ತಕವೊಂದರ ಅಡಿಟಿಪ್ಪಣಿಯಿಂದ ಹುಣಸೂರಿನ ಸಂಖ್ಯೆಯೊಂದನ್ನು ಎತ್ತಿಕೊಂಡು, ಗ್ರಂಥಾಲಯದಲ್ಲಿ ಸುಲಭವಾಗಿ ದೊರೆಯುತ್ತಿದ್ದ ಪರಿಷ್ಕೃತ ಸಂಪುಟವನ್ನು ತೆರೆದೆ. ಅಲ್ಲಿದ್ದದ್ದು ಭೂದಾನದ ಶಾಸನ. ಪುಸ್ತಕದಲ್ಲಿ ವೀರಗಲ್ಲೆಂದು ಹೇಳಿತ್ತು. ಆ ಹಿರಿಯ ವಿದ್ವಾಂಸರು ಶಾಸನವನ್ನು ಓದದೆಯೇ ಬರೆದಿದ್ದಾರೆಂದು ನನ್ನ ಕರಡಿನಲ್ಲಿ ಒಂದು ಖಾರವಾದ ವಾಕ್ಯವನ್ನು ಸೇರಿಸಿದ್ದೆ. ಮಾರ್ಗದರ್ಶಕರು ಪುಸ್ತಕದ ಪ್ರಕಟಣೆಯ ವರ್ಷವನ್ನು ನೋಡಲು ಹೇಳಿದರು. ಅದು ಪರಿಷ್ಕೃತ ಸಂಪುಟಕ್ಕಿಂತ ಹಿಂದಿನದು. ವಾಕ್ಯ ಅಚ್ಚಾಗಲಿಲ್ಲ, ಅಷ್ಟೇ ಸಮಾಧಾನ.

ಪ್ರಕಟಣೆಯ ವರ್ಷವನ್ನು ನೋಡುವುದು ಸರಳವಾದರೂ ಬಹಳ ಉಪಯುಕ್ತವಾದ ಪರೀಕ್ಷೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾಯಿತು. ಮೈಸೂರು ಜಿಲ್ಲೆಯ ಶಾಸನಗಳಿಗೆ ಆ ಗ್ರಂಥ ಕೊಡುವ ಎ.ಕ. ಸಂಖ್ಯೆಗಳು ಪರಿಷ್ಕೃತ ಆವೃತ್ತಿಯವಾಗಿರಲು ಸಾಧ್ಯವಿಲ್ಲ. 1975ರ ಈಚಿನ ಬರೆಹಗಳಲ್ಲಿ ಈ ಪರೀಕ್ಷೆ ನಿಲ್ಲುವುದಿಲ್ಲ. ಎರಡೂ ಆವೃತ್ತಿಗಳು ಬಳಕೆಯಲ್ಲಿವೆ, ಒಂದೇ ಲೇಖನದಲ್ಲಿ ಎರಡೂ ಬೆರೆತಿರುವುದುಂಟು. ಲೇಖಕನು ಕೆಲವನ್ನು ತಾನೇ ನೋಡಿ, ಕೆಲವನ್ನು ಇತರರಿಂದ ಪಡೆದು, ಎಲ್ಲಕ್ಕೂ ‘ಎ.ಕ. 4’ ಎಂದೇ ಬರೆದಿದ್ದರೆ ಬೇರ್ಪಡಿಸುವುದು ಬಹಳ ಕಷ್ಟ.

ಈ ಸಮಸ್ಯೆ ಹುಣಸೂರಿಗೆ ಸೀಮಿತವಾದುದಲ್ಲ. ಶ್ರವಣಬೆಳಗೊಳದ ಎರಡನೆಯ ಸಂಪುಟಕ್ಕೆ ಮೂರು ರೂಪಗಳಿವೆ. ರೈಸ್ ಅವರ 1889ರ ಆವೃತ್ತಿಯಲ್ಲಿ 144, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500, ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573 ಶಾಸನಗಳು. ಮೂರರಲ್ಲಿಯೂ ಸಂಪುಟದ ಸಂಖ್ಯೆ ಎರಡೇ. ಆದರೂ ಬೆಳಗೊಳದ ಶಾಸನಗಳನ್ನು ಬಳಸುವವರು ಹೆಚ್ಚಿರುವುದರಿಂದ ಅಲ್ಲಿನ ಗೊಂದಲ ವಿದ್ವಾಂಸರಿಗೆ ಪರಿಚಿತ. ಹುಣಸೂರು ಸೀಮೆಯ ಒಂದು ಹಳ್ಳಿಯ ಕಲ್ಲನ್ನು ಎರಡನೆಯ ಬಾರಿ ಪರಿಶೀಲಿಸುವವರು ಅಪರೂಪ. ಅಲ್ಲಿ ಸೇರಿಕೊಂಡ ತಪ್ಪು ಬಹುಕಾಲ ಬಾಳುತ್ತದೆ. ಹೊಲದ ಬದುವಿನಲ್ಲಿದ್ದ ಕಲ್ಲು ಈಗ ಇಲ್ಲವಾಗಿದ್ದರೆ ಅಚ್ಚಾದ ಪಾಠವೊಂದೇ ಸಾಕ್ಷಿ. ಆ ಸಾಕ್ಷಿಯ ಬಳಿಗೆ ಕರೆದೊಯ್ಯುವ ದಾರಿಯೇ ಉಲ್ಲೇಖ.

ಹಾಗಾದರೆ ಬರೆಯುವ ಕ್ರಮ ಹೇಗಿರಬೇಕು? ಆವೃತ್ತಿಯ ಸೂಚನೆಯನ್ನು ಸಂಕ್ಷೇಪಪಟ್ಟಿಯಲ್ಲಿ ಒಮ್ಮೆ ಕೊಟ್ಟು ಬಿಡದೆ, ಪ್ರತಿಯೊಂದು ಉಲ್ಲೇಖದಲ್ಲಿಯೂ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಅಡಿಟಿಪ್ಪಣಿಗಳನ್ನು ಬಿಡಿಬಿಡಿಯಾಗಿ ನಕಲು ಮಾಡಿಕೊಳ್ಳುವುದು ನಮ್ಮ ರೂಢಿಯಾಗಿರುವಾಗ ಪಟ್ಟಿ ಹಿಂದೆಯೇ ಉಳಿಯುತ್ತದೆ. ‘ಎ.ಕ. (ಪ) 4’ ಎಂದರೆ ಪರಿಷ್ಕೃತ, ‘ಎ.ಕ. (ರೈ) 4’ ಎಂದರೆ ರೈಸ್ ಅವರದು. ಎರಡು ಅಕ್ಷರಗಳ ಶ್ರಮ. ಬಳಿಕ ತಾಲ್ಲೂಕು, ಶಾಸನಸಂಖ್ಯೆ, ಊರು, ಕಾಲ. ಪಾಠವನ್ನು ಉದ್ಧರಿಸಿದ್ದರೆ ಸಾಲಿನ ಸಂಖ್ಯೆ. ಪುಟಸಂಖ್ಯೆಯೊಂದನ್ನೇ ನಂಬಬಾರದು: ರೈಸ್ ಅವರ ಸಂಪುಟಗಳಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿವೆ. ತಾಲ್ಲೂಕಿನ ಹೆಸರನ್ನು ಪೂರ್ಣವಾಗಿ ಬರೆಯುವುದು ಲೇಸು. ‘ಹು’, ‘ಹೆ’ ಅಚ್ಚಿನಲ್ಲಿ ಅದಲುಬದಲಾಗಲು ಒಂದು ಗುಣಿತಚಿಹ್ನೆ ಸಾಕು. ಇತರರಿಂದ ಎತ್ತಿಕೊಂಡ ಉಲ್ಲೇಖವಾದರೆ ಅವರ ಹೆಸರನ್ನು ಹೇಳಿ, ಅವರು ಬರೆದಂತೆಯೇ ಕೊಡಬೇಕು. ತಾನು ನೋಡದ ಸಂಪುಟದ ಆವೃತ್ತಿಯನ್ನು ಊಹಿಸಿ ತುಂಬಬಾರದು. ‘ಅದೇ’ ಎಂಬ ಪದವನ್ನು ಶಾಸನಗಳ ವಿಷಯದಲ್ಲಿ ಕೈಬಿಡಬೇಕು. ಕರಡು ತಿದ್ದುವಾಗ ನಡುವೆ ಇನ್ನೊಂದು ಟಿಪ್ಪಣಿ ಸೇರಿದರೆ ‘ಅದೇ’ ಬೇರೆಯದಾಗುತ್ತದೆ.

ತಾಲ್ಲೂಕು ಎಂದರೆ ಇಂದಿನದೋ ಸಂಪುಟದ್ದೋ ಎಂಬ ಪ್ರಶ್ನೆಯೂ ಏಳುತ್ತದೆ. ಯಡತೊರೆ ಕೃಷ್ಣರಾಜನಗರವಾಯಿತು; ಈಚೆಗೆ ಆ ತಾಲ್ಲೂಕಿನಿಂದ ಸಾಲಿಗ್ರಾಮ, ಹೆಗ್ಗಡದೇವನಕೋಟೆಯಿಂದ ಸರಗೂರು ಹೊಸ ತಾಲ್ಲೂಕುಗಳಾಗಿ ಬೇರ್ಪಟ್ಟಿವೆ. ಜೈನ ಬಸದಿಯಿಂದ ಪ್ರಸಿದ್ಧವಾದ ಚಿಕ್ಕಹನಸೋಗೆಯ ಶಾಸನಗಳು ರೈಸ್ ಅವರ ಸಂಪುಟದಲ್ಲಿ ಯಡತೊರೆಯವು, ಪರಿಷ್ಕೃತದಲ್ಲಿ ಕೃಷ್ಣರಾಜನಗರದವು. ಉಲ್ಲೇಖದಲ್ಲಿ ಸಂಪುಟದ ಶೀರ್ಷಿಕೆಯನ್ನೇ ಉಳಿಸಿಕೊಳ್ಳಬೇಕು. ಇಂದಿನ ತಾಲ್ಲೂಕು ಬೇಕಾದಲ್ಲಿ ಊರಿನ ಹೆಸರಿನ ಮುಂದೆ ಆವರಣದಲ್ಲಿ ಸೂಚಿಸಬಹುದು.