ಅಂಗಳದ ಕೊಳವೂ ಅಂಬೆಗಾಲಿನ ಕೂಸೂ

ಯಸಳೂರು ಹೋಬಳಿಯ ಮಲೆಗಳಲ್ಲಿ ಮುಂಗಾರು ಧಾರಾಳವಾಗಿ ಸುರಿಯುತ್ತದೆ. ಆದರೆ ಕಾಫಿಯ ಹೂವು ಅರಳಲು ಫೆಬ್ರುವರಿ, ಮಾರ್ಚಿಯಲ್ಲಿ ಬೇಕಾಗುವ ನೀರನ್ನು ಕೂಡಿಟ್ಟುಕೊಳ್ಳಲೇಬೇಕು. ಆದುದರಿಂದ ತೋಟಕ್ಕೊಂದು ಕೆರೆಯೋ ಹೊಂಡವೋ ಇರುವುದು ಸಕಲೇಶಪುರ, ಆಲೂರು ಸೀಮೆಯಲ್ಲಿ ವಾಡಿಕೆ. ಈಚೆಗೆ ಮನೆಯಂಗಳದಲ್ಲಿಯೂ ತಾವರೆ, ನೈದಿಲೆಗಳ ಪುಟ್ಟ ಕೊಳವನ್ನು ಕಟ್ಟಿಸುವ ಆಸೆ ಅನೇಕ ಗೃಹಸ್ಥರಲ್ಲಿ ಮೂಡಿದೆ. ಆಸೆ ಒಳ್ಳೆಯದೇ. ಆದರೆ ಮನೆಯಲ್ಲಿ ಎಳೆಯ ಮಕ್ಕಳಿದ್ದಲ್ಲಿ ಕೊಳದ ಅಂದಕ್ಕಿಂತ ಮೊದಲು ಅದರ ಕಾವಲನ್ನು ಕುರಿತು ಯೋಚಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಅಸುನೀಗಿದರು. ಹೀಗೆ ಸಾಯುವವರಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು 5 ವರ್ಷದೊಳಗಿನ ಮಕ್ಕಳು. ಈ ವಿಷಯದಲ್ಲಿ ಎಚ್ಚರ ಮೂಡಿಸಲೆಂದೇ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಒಂದು ದಿನಾಚರಣೆಯಾಗಿ ಘೋಷಿಸಿತು. ನಮ್ಮ ಮಲೆನಾಡಿನಲ್ಲಿ ಆ ದಿನವೆಂದರೆ ಹೊಂಡಗಳೆಲ್ಲ ತುಂಬಿ ತುಳುಕುವ ಕಾಲ.

ಆಳವಿಲ್ಲದ ನೀರು ಅಪಾಯಕರವಲ್ಲವೆಂಬ ನಂಬಿಕೆ ಬಲವಾಗಿ ಬೇರೂರಿದೆ. ಇದು ಸರಿಯಲ್ಲ. ಎಳೆಯ ಮಗುವಿಗೆ ಮೈಯ ಅಳತೆಗೆ ತಲೆಯ ಭಾರ ಹೆಚ್ಚು. ಬಗ್ಗಿ ಮುಗ್ಗರಿಸಿದರೆ ತಾನಾಗಿ ಮೇಲೇಳಲಾರದು. ಮೂಗು ಬಾಯಿ ಮುಚ್ಚುವಷ್ಟು, ಎರಡು ಅಂಗುಲ ನೀರೂ ಪ್ರಾಣಕ್ಕೆ ಎರವಾಗಬಲ್ಲದು. ಕೂಗಿಕೊಳ್ಳಲೂ ಅದಕ್ಕೆ ಉಸಿರಿರುವುದಿಲ್ಲ. ಸದ್ದು ಕೇಳಿದರೆ ಓಡಿಹೋಗೋಣವೆಂದು ಅಡುಗೆಮನೆಯಲ್ಲಿ ಕಿವಿಗೊಟ್ಟು ಕುಳಿತರೆ ಪ್ರಯೋಜನವಿಲ್ಲ. ಇನ್ನು ಅಂತರಗಂಗೆಯಂಥ ಸಸ್ಯ ನೀರನ್ನು ಮುಚ್ಚಿದ್ದರೆ ಮಗುವಿನ ಕಣ್ಣಿಗೆ ಅದು ಹಸಿರು ಹಾಸಿನ ನೆಲವೇ ಸರಿ.

ಮಗು ಐದಾರು ವರ್ಷ ತುಂಬುವವರೆಗೆ ಕೊಳವನ್ನು ಬರಿದು ಮಾಡಿ ಮರಳು ತುಂಬಿಸಿ ಆಟದ ತಾಣವಾಗಿಸುವುದು ಎಲ್ಲಕ್ಕಿಂತ ನಿಶ್ಚಿಂತೆಯ ಮಾರ್ಗ. ನೀರು ಇರಲೇಬೇಕೆಂದಾದರೆ ನಾಲ್ಕೂ ಕಡೆ ಬೇಲಿ ಬೇಕು. ಎತ್ತರ 4 ಅಡಿಗೆ ಕಡಿಮೆಯಾಗಬಾರದು. ಸರಳುಗಳ ನಡುವೆ 4 ಅಂಗುಲಕ್ಕಿಂತ ಹೆಚ್ಚು ಸಂದಿರಬಾರದು. ಕಾಲಿಟ್ಟು ಹತ್ತಲು ಅಡ್ಡಪಟ್ಟಿಗಳಿರಬಾರದು. ಗೇಟು ಹೊರಗಡೆಗೆ ತೆರೆಯುವಂತಿದ್ದು, ಕೈಬಿಟ್ಟೊಡನೆ ತಾನೇ ಮುಚ್ಚಿಕೊಳ್ಳಬೇಕು. ಚಿಲಕ ಮಗುವಿನ ಕೈಗೆ ಎಟುಕದಿರಬೇಕು. ಬೇಲಿಯ ಬಳಿ ಕುಕ್ಕೆ, ಕುರ್ಚಿ, ಹೂಕುಂಡಗಳನ್ನು ಇಡಬಾರದು. ಸಣ್ಣ ಕೊಳವಾದರೆ ಗಟ್ಟಿಯಾದ ಕಬ್ಬಿಣದ ಜಾಲರಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಬಿಗಿಯಾಗಿ ಕೂರಿಸಬಹುದು. ಅದು ಮಗು ಬಿದ್ದರೂ ಜಗ್ಗಬಾರದು. ಎಲೆ ತಡೆಯಲು ಹರಡುವ ನೈಲಾನ್ ಬಲೆ ಈ ಕೆಲಸಕ್ಕೆ ಬಾರದು.

ಪ್ಲಾಸ್ಟಿಕ್ ಹಾಳೆ ಹಾಸಿದ ತೋಟದ ಹೊಂಡ ಇನ್ನೂ ಅಪಾಯಕರ. ಒದ್ದೆಯಾದ ಇಳಿಜಾರಿನಲ್ಲಿ ದೊಡ್ಡವರಿಗೂ ಕಾಲು ನಿಲ್ಲದು. ಅದಕ್ಕೆ ಬೇಲಿಯೊಂದಿಗೆ ಗಂಟು ಹಾಕಿದ ಹಗ್ಗಗಳನ್ನು ದಡದಿಂದ ನೀರಿಗೆ ಇಳಿಬಿಟ್ಟಿರಬೇಕು. ಗಾಳಿ ತುಂಬಿದ ಟ್ಯೂಬೊಂದು ಕೈಗೆ ಸಿಗುವಂತಿರಬೇಕು.

ಬೇಲಿ ಎಷ್ಟೇ ಗಟ್ಟಿಯಾಗಿರಲಿ, ಕಣ್ಣಿನ ಕಾವಲು ತಪ್ಪಬಾರದು. ನಾಮಕರಣ, ಗೃಹಪ್ರವೇಶಗಳಂದು ಮನೆ ತುಂಬ ಜನರಿದ್ದಾಗಲೇ ಮಗುವನ್ನು ಇನ್ನೊಬ್ಬರು ನೋಡುತ್ತಿರುವರೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ. ಅಂದು ಒಬ್ಬರಿಗೆ ಹೆಸರು ಹಿಡಿದು ಈ ಹೊಣೆ ವಹಿಸುವುದು ಜಾಣತನ. ಕಾಫಿ ಕೊಯ್ಲಿನ ದಿನಗಳಲ್ಲಿ ತಾಯಂದಿರೊಡನೆ ತೋಟಕ್ಕೆ ಬರುವ ಕೂಲಿಕಾರರ ಮಕ್ಕಳೂ ನಮ್ಮ ಮಕ್ಕಳೇ. ಹೊಂಡದಿಂದ ದೂರದಲ್ಲಿ ನೆರಳು ಮಾಡಿಸಿ, ಅವರನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸುವುದು ತೋಟದ ಯಜಮಾನರ ಕರ್ತವ್ಯ.

ಮಗು ಕಾಣದಿದ್ದರೆ ಮೊದಲು ನೀರಿನ ಕಡೆಗೆ ಓಡಬೇಕು. ಉಳಿದೆಡೆ ಹುಡುಕುವುದು ಆಮೇಲೆ. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ತೂಗುವುದಾಗಲಿ ಹೊಟ್ಟೆ ಒತ್ತುವುದಾಗಲಿ ಕೂಡದು. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲವನ್ನು ತುಸು ಎತ್ತಿ, ತಡಮಾಡದೆ ಬಾಯಿಯಿಂದ ಉಸಿರು ಕೊಡಬೇಕು. ಆ ಬಳಿಕ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರೂದುವುದನ್ನು ಮುಂದುವರಿಸಬೇಕು. ಜೊತೆಗಿದ್ದವರು 108ಕ್ಕೆ ಕರೆ ಮಾಡಬೇಕು. ಮಗು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು. ಘಟ್ಟದ ಹಾದಿಯಲ್ಲಿ ವಾಹನ ಬರಲು ಹೊತ್ತಾಗುವುದರಿಂದ ಮನೆಗೊಬ್ಬರಾದರೂ ಈ ಉಪಚಾರವನ್ನು ಬಲ್ಲವರಿಂದ ಕಲಿತಿರುವುದು ಒಳಿತು.

ಓದುಗ ಬಂಧುಗಳು ಇಂದೇ ಒಂದು ಕೆಲಸ ಮಾಡಬೇಕೆಂಬುದು ನಮ್ಮ ಕೋರಿಕೆ. ಹೊಸ್ತಿಲಲ್ಲಿ ಮಗುವಿನ ಎತ್ತರಕ್ಕೆ ಕುಳಿತು, ಅಲ್ಲಿಂದ ಕೊಳದವರೆಗೆ ಎಷ್ಟು ದಾರಿಗಳು ತೆರೆದಿವೆಯೆಂದು ಎಣಿಸಿ ನೋಡಿ. ಅವನ್ನು ಮಳೆಗಾಲಕ್ಕೆ ಮುನ್ನ ಒಂದೊಂದಾಗಿ ಮುಚ್ಚಿರಿ.